ದನದ ದವಾಖಾನಿಗೆ ಹೋದ ಬೆಕ್ಕು

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ರಿಕ್ಷಾದವನಿಗೆ "ಪಶು ಚಿಕಿತ್ಸಾಲಯ" ಅಂದರೆ ಒಂದು ಕ್ಷಣ ಮುಖ ನೋಡುತ್ತಾನೆ. "ದನದ ದವಾಖಾನಿ" ಅನ್ನಿ, ಸೀದಾ ಒಯ್ದು ಬಿಡುತ್ತಾನೆ. ತೊಡೆಯ ಮೇಲಿನ ಬುಟ್ಟಿಯಲ್ಲಿ ಬೆಕ್ಕು ಮಿಯಾಂವ್ ಅನ್ನುತ್ತಿದ್ದರೂ ಅದು ದನದ ದವಾಖಾನಿಯೇ! ಈ ಹೆಸರಿನೊಳಗೇ ಒಂದು ಇತಿಹಾಸ ಕೂತಿದೆ.

ನಮ್ಮ ಸೀಮೆ ಚಾಲುಕ್ಯರ ಸೀಮೆ. ಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮ ಸುಮಾರು 1125ರಲ್ಲಿ ಕನ್ನಡದಲ್ಲಿ 'ಗೋವೈದ್ಯ' ಬರೆದ. ದನಗಳ ರೋಗಕ್ಕೆ ಅದರಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಅದೇ ಮನೆತನದ ಮೂರನೇ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಆನೆ, ಕುದುರೆ, ಬೇಟೆನಾಯಿ ಎಲ್ಲಕ್ಕೂ ಜಾಗ ಉಂಟು. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕುದುರೆಗಳಿಗಾಗಿ 'ಅಶ್ವವೈದ್ಯ' ಬರೆದ. ಹೊಲ ಉಳುವುದಕ್ಕೆ ಎತ್ತು, ಯುದ್ಧಕ್ಕೆ ಕುದುರೆ, ಬೇಟೆಗೆ ನಾಯಿ. ಬೆಕ್ಕಿನ ವೈದ್ಯಕ್ಕೆಂದೇ ಬರೆದ ಹಳಗನ್ನಡದ ಪುಸ್ತಕವೊಂದು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಬ್ರಿಟಿಷರ ಕಾಲದಲ್ಲೂ ಕಥೆ ಬಹಳ ಬದಲಾಗಲಿಲ್ಲ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, 1956ರ ತನಕ. ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಪಶುವೈದ್ಯ ಕಾಲೇಜು ಶುರುವಾಯಿತು. ಪುಣೆಯಲ್ಲಿ 1889ರಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಬಂತು, ಆಮೇಲೆ ಅದು ಮುಕ್ತೇಶ್ವರಕ್ಕೆ ಹೋಯಿತು. ಸರ್ಕಾರದ ಚಿಂತೆ ಮುಖ್ಯವಾಗಿ ಫೌಜಿನ ಕುದುರೆ ಮತ್ತು ದನಗಳ ದೊಡ್ಡರೋಗ. ದೊಡ್ಡರೋಗ ಹಳ್ಳಿಗೆ ಬಂದರೆ ಹಕ್ಕಿಗೆ ಹಕ್ಕಿಯೇ ಖಾಲಿ, ರೈತ ಬೀದಿಗೆ ಬೀಳುತ್ತಿದ್ದ. ಹಾಗಾಗಿ ಇದನ್ನು ತಪ್ಪು ಅನ್ನಲಾರೆ. ಆ ರೋಗ ಜಗತ್ತಿನಿಂದಲೇ ಹೋಯಿತು ಅಂತ ಘೋಷಿಸಿದ್ದು 2011ರಲ್ಲಿ. ದವಾಖಾನಿಯ ಹೆಸರು ಮಾತ್ರ ಉಳಿಯಿತು.

ಈಗ ನಮ್ಮ ಮನೆಯ ಚಿಂಗಿಯ ವಿಷಯ. ವಯಸ್ಸಾದ ಬೆಕ್ಕು. ಬೆಕ್ಕಿಗೆ ಒಟ್ಟು 30 ಹಲ್ಲು, ನಾಯಿಗೆ 42. ಚಿಂಗಿಯ ಹಲ್ಲುಗಳಲ್ಲಿ ಒಂಬತ್ತು ತಮ್ಮಷ್ಟಕ್ಕೆ ತಾವೇ ಒಳಗಿಂದ ಕರಗುತ್ತಿದ್ದವು. ಇದು ನಮ್ಮ ಹುಳುಕು ಹಲ್ಲಿನಂಥದಲ್ಲ. ಬೆಕ್ಕುಗಳಲ್ಲಿ ಸಾಮಾನ್ಯ, ತುಂಬಾ ನೋವಿನದು. ಕೀಳುವುದೇ ಮದ್ದು ಅಂದರು ಡಾಕ್ಟರು. ಸತ್ತೂರಿನಲ್ಲಿ 1986ರಿಂದ ಡೆಂಟಲ್ ಕಾಲೇಜು ಇದೆಯಲ್ಲ, ಅಲ್ಲಿಗೇ ಕರ್ಕೊಂಡು ಹೋಗ್ರಿ ಅಂತ ಪಕ್ಕದ ಮನೆಯ ಕಾಕಾ ನಗೆಯಾಡಿದರು :-)

ಅರಿವಳಿಕೆ ಇಲ್ಲದೆ ಬೆಕ್ಕಿನ ಹಲ್ಲು ಕೀಳುವ ಮಾತೇ ಇಲ್ಲ. ಮಜಾ ಅಂದರೆ, ಆ ಅರಿವಳಿಕೆಯನ್ನು ಜಗತ್ತಿಗೆ ತೋರಿಸಿಕೊಟ್ಟವನೂ ಹಲ್ಲಿನ ಡಾಕ್ಟರೇ. 1846ರ ಅಕ್ಟೋಬರಿನಲ್ಲಿ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು ಎಲ್ಲರೆದುರು ಶಸ್ತ್ರಕ್ರಿಯೆ ಮಾಡಿಸಿದ. ಮರು ವರ್ಷವೇ ಲಂಡನ್ನಿನಲ್ಲಿ ಎಡ್ವರ್ಡ್ ಮೇಹ್ಯೂ ಎಂಬ ಪಶುವೈದ್ಯ ನಾಯಿ-ಬೆಕ್ಕುಗಳ ಮೇಲೆ ಈಥರ್ ಪ್ರಯೋಗಿಸಿ ನೋಡಿದ.

ಹಲ್ಲು ಕಿತ್ತದ್ದು ಸಲೀಸಾಯಿತು. ಕಷ್ಟ ಶುರುವಾದದ್ದು ಊಟದಲ್ಲಿ. ಬಹಳಷ್ಟು ಬೆಕ್ಕುಗಳು ಅದೇ ಸಂಜೆ ಅಥವಾ ಮರುದಿನ ತಿನ್ನುತ್ತವಂತೆ. ಚಿಂಗಿ ಎರಡನೇ ದಿನವೂ ತಟ್ಟೆಯ ಹತ್ತಿರ ಬಂದು ಮೂಸಿ ವಾಪಸ್ ಹೋಯಿತು. ಬೆಕ್ಕು ಎರಡು-ಮೂರು ದಿನ ಉಪವಾಸ ಇದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದೇ ಪ್ರಾಣಕ್ಕೆ ಕುತ್ತಾಗಬಹುದು, ದಪ್ಪ ಬೆಕ್ಕಿಗಂತೂ ಇನ್ನೂ ಹೆಚ್ಚು. ಏಕಾದಶಿ ಮಾಡುವ ಪ್ರಾಣಿ ಅಲ್ಲ ಅದು.

ನಮ್ಮ ಆಯಿ ಅಂದಳು, "ಇಷ್ಟ್ ವರ್ಷ ಹಾಲು-ಅನ್ನ ತಿಂದು ಬದುಕಿಲ್ಲೇನು ಅದು? ಈಗ ಕೋಳಿ ಯಾಕ ಬೇಕು? ನನ್ನ ಅಡಿಗಿ ಮನ್ಯಾಗ ಅದನ್ನ ತರಬ್ಯಾಡ."

ಆಯಿಯ ಪ್ರಶ್ನೆ ಸಣ್ಣದಲ್ಲ. ಬೆಕ್ಕಿಗೆ ಯಾಕೆ ಶಾಸ್ತ್ರ ಹುಟ್ಟಲಿಲ್ಲ ಅನ್ನುವುದಕ್ಕೂ ಅಲ್ಲೇ ಉತ್ತರ ಇದೆ ಅಂತ ನನ್ನ ಅನಿಸಿಕೆ. ನಾವು ಯಾವತ್ತೂ ಬೆಕ್ಕನ್ನು ಸಾಕಿರಲೇ ಇಲ್ಲ! ಒಂದು ಬಟ್ಟಲು ಹಾಲು-ಅನ್ನ ಇಡುತ್ತಿದ್ದೆವು, ಅಷ್ಟೇ. ನಿಜವಾದ ಊಟ ಅದು ಹಗೇವು, ಅಟ್ಟ, ಹಿತ್ತಲಿನ ಇಲಿಗಳಲ್ಲಿ ಮುಗಿಸಿ ಬರುತ್ತಿತ್ತು. ಟಾರಿನ್ ಅನ್ನುವ ಅಂಶ ಮಾಂಸದಲ್ಲಿದೆ, ಅದಿಲ್ಲದಿದ್ದರೆ ಬೆಕ್ಕಿಗೆ ಕಣ್ಣು ಹೋಗುತ್ತದೆ ಅಂತ ವಿಜ್ಞಾನಿಗಳು ಕಂಡುಕೊಂಡದ್ದೇ 1975ರಲ್ಲಿ. ಹೃದಯವೂ ಕೆಡುತ್ತದೆ ಅಂತ ತಿಳಿದದ್ದು 1987ರಲ್ಲಿ. ನಮ್ಮ ಬೆಕ್ಕುಗಳಿಗೆ ಇಲಿಯೇ ಆ ಔಷಧಿ ಕೊಡುತ್ತಿತ್ತು. ಹಾಲಂತೂ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅರಗುವುದೇ ಇಲ್ಲ, ಭೇದಿಯಾಗುತ್ತದೆ. ಒಂಬತ್ತು ಹೊಲಿಗೆಯ ಜಾಗ ಬಾಯಲ್ಲಿಟ್ಟುಕೊಂಡ ಚಿಂಗಿ ಇಲಿ ಹಿಡಿಯಲಾರದು. ಈಗ ಆ ಇಲಿಯ ಕೆಲಸ ನಮ್ಮದು.

ಕೊನೆಗೆ ಹಿತ್ತಲಿನ ಕಟ್ಟೆ ಮೇಲೆ ಬೇರೆ ಒಲೆ, ಬೇರೆ ಪಾತ್ರೆ ಅಂತ ಒಪ್ಪಂದವಾಯಿತು. ಕೋಳಿಯನ್ನು ಬರೇ ನೀರಲ್ಲಿ ಬೇಯಿಸಿ, ಎಲುಬು ತೆಗೆದು, ಅದೇ ನೀರು ಹಾಕಿ ಮಿಕ್ಸರಿನಲ್ಲಿ ನುಣ್ಣಗೆ ಅರೆಯುವುದು. ಉಪ್ಪು ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ, ಅವಂತೂ ಬೇಡವೇ ಬೇಡ. ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕು ತಿನ್ನುವುದು ಮೂಗಿನಿಂದಲೇ. ದಿನಕ್ಕೆ ಐದಾರು ಸಲ, ಒಂದೊಂದೇ ಚಮಚ, ಅಗಲ ತಟ್ಟೆಯಲ್ಲಿ. ಮೆತ್ತನೆಯ ಊಟ ಎರಡು ವಾರ. ನೋವಿನ ಔಷಧಿ ಡಾಕ್ಟರು ಕೊಟ್ಟದ್ದು ಮಾತ್ರ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಕೊಲ್ಲಬಹುದು. ಹಲ್ಲುನೋವಿಗೆ ನಾವು ಹಚ್ಚುವ ಲವಂಗದೆಣ್ಣೆಯೂ ಅಷ್ಟೇ, ಅಂಥವನ್ನು ಅರಗಿಸುವ ಶಕ್ತಿ ಅದರ ಯಕೃತ್ತಿಗಿಲ್ಲ.

ಮೂಗು ಹಿಡಿದು, ಬಾಯಿ ತೆರೆಸಿ ತುರುಕೋಣ ಅಂತ ತಮ್ಮ ಸಜ್ಜಾಗಿದ್ದ. ಆಗ ನಾನು ಹೇಳಿದ್ದು ತೆನಾಲಿ ರಾಮಕೃಷ್ಣನ ಕಥೆ. ಇಲಿ ಕಾಟಕ್ಕೆ ಕೃಷ್ಣದೇವರಾಯ ಮನೆಮನೆಗೂ ಬೆಕ್ಕು ಕೊಟ್ಟ, ಹಾಲಿಗೆ ಆಕಳೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ, ಬೆಕ್ಕು ಬಾಯಿ ಸುಟ್ಟುಕೊಂಡಿತು. ಆಮೇಲೆ ಹಾಲು ಕಂಡರೆ ಓಟ! ಹಾಲೆಲ್ಲ ರಾಮಕೃಷ್ಣನ ಪಾಲು. ನಾವು ನಗುತ್ತಾ ಕೇಳಿದ ಈ ಕಥೆಯಲ್ಲಿ ಪಶುವೈದ್ಯರು ಇವತ್ತು ಕೊಡುವ ಎಚ್ಚರಿಕೆಯೇ ಇದೆ: ಯಾವ ಊಟದ ಜೊತೆ ನೋವು ಸೇರಿತೋ ಆ ಊಟವನ್ನು ಬೆಕ್ಕು ಬಿಟ್ಟುಬಿಡುತ್ತದೆ. ಹಾಗಾಗಿ ಇಷ್ಟದ ಊಟದಲ್ಲಿ ಕಹಿ ಔಷಧಿ ಕಲಸಬಾರದು, ತುರುಕಲೂಬಾರದು. ಡಾಕ್ಟರು ಹೇಳಿದರೆ ಮಾತ್ರ ಸೂಜಿಯಿಲ್ಲದ ಸಿರಿಂಜು. ಅದೂ ಬಾಯಿಯ ಪಕ್ಕದಿಂದ, ತಲೆ ಮೇಲೆತ್ತದೆ, ಸ್ವಲ್ಪಸ್ವಲ್ಪ. ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಮೂರನೇ ದಿನ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ, ಅವರು ನೋವಿನ ಔಷಧಿಯ ಪ್ರಮಾಣ ಬದಲಿಸಿದರು. ಮಧ್ಯಾಹ್ನ ನಾನು ಬೆರಳ ತುದಿಗೆ ಹಚ್ಚಿಟ್ಟ ಗಂಜಿಯನ್ನು ಚಿಂಗಿ ನೆಕ್ಕಿತು. ಆಮೇಲೆ ತಟ್ಟೆಯದನ್ನೂ. ಒಲೆ ಹೊರಗಿದ್ದರೂ ಬಾಗಿಲಲ್ಲೇ ನಿಂತು ನೋಡುತ್ತಿದ್ದ ಆಯಿ, "ಇನ್ನೊಂದೀಟು ಹಾಕು" ಅಂದಳು.

ಕೆಲವರು ಕೇಳಿದರು, ಧಾರವಾಡದ ಬೆಕ್ಕಲ್ಲವಾ, ಪೇಡೆ ಮೆತ್ತಗಿರುತ್ತೆ, ಕೊಡಬಹುದಿತ್ತಲ್ಲ ಅಂತ. ಫಿಲಡೆಲ್ಫಿಯಾದ ಸಂಶೋಧಕರು 2005ರಲ್ಲಿ ತೋರಿಸಿದ ಪ್ರಕಾರ ಬೆಕ್ಕುಗಳಿಗೆ ಸಿಹಿ ತಿಳಿಸುವ ಒಂದು ಜೀನ್ ಕೆಟ್ಟುಹೋಗಿದೆ, ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ. ನಮ್ಮೂರ ಪೇಡೆಯೂ ಅದಕ್ಕೆ ಬರೇ ಒಂದು ಕೊಬ್ಬಿನ ಉಂಡೆ.