ಎಷ್ಟು ತಿಂದರೆ ಊಟ?

2020ರ ಜುಲೈ 30, ಗುರುವಾರ. ಮರುದಿನ ಬಕ್ರೀದ್. ಇಂಗ್ಲೆಂಡಿನ ಉತ್ತರ ಭಾಗದ ಮ್ಯಾಂಚೆಸ್ಟರ್, ಬೋಲ್ಟನ್, ಓಲ್ಡಮ್, ಬ್ಲ್ಯಾಕ್‌ಬರ್ನ್, ಬ್ರಾಡ್‌ಫರ್ಡ್ ಊರುಗಳಲ್ಲಿ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದ ಮುಸ್ಲಿಂ ಕುಟುಂಬಗಳಿಗೆ ಅದು ಹಬ್ಬದ ಹಿಂದಿನ ರಾತ್ರಿ. ಒಂಬತ್ತು ಗಂಟೆ ದಾಟಿದ ಮೇಲೆ ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಟ್ವಿಟರ್‌ನಲ್ಲಿ ಒಂದು ಪ್ರಕಟಣೆ ಹಾಕಿದರು. ಅಂದು ಮಧ್ಯರಾತ್ರಿಯಿಂದಲೇ ಆ ಭಾಗದಲ್ಲಿ ಬೇರೆ ಬೇರೆ ಮನೆಯವರು ಒಳಾಂಗಣದಲ್ಲಿ ಭೇಟಿಯಾಗುವಂತಿಲ್ಲ ಎಂಬುದು ಅದರ ಸಾರ. 40 ಲಕ್ಷಕ್ಕೂ ಹೆಚ್ಚು ಜನರ ಬದುಕನ್ನು ಮುಟ್ಟುವ ಆದೇಶ ಅವರ ಕೈಗೆ ಬಂದದ್ದು ಜಾರಿಯಾಗಲು ಮೂರು ಗಂಟೆಯೂ ಉಳಿದಿಲ್ಲದಾಗ.

ಇನ್ನೊಂದು ವಿಚಿತ್ರವೂ ಅದರಲ್ಲಿತ್ತು. ಅಣ್ಣನ ಮನೆಗೆ ತಮ್ಮ ಹೋಗುವಂತಿರಲಿಲ್ಲ. ಆದರೆ ಪಬ್ಬುಗಳು ತೆರೆದಿದ್ದವು, ತನ್ನ ಮನೆಯವರ ಜೊತೆ ಅಲ್ಲಿಗೆ ಹೋಗಲು ಅಡ್ಡಿಯಿರಲಿಲ್ಲ. ರೋಗ ಹರಡುತ್ತಿರುವುದು ಹೆಚ್ಚಾಗಿ ಮನೆಗಳ ನಡುವಿನ ಓಡಾಟದಿಂದ ಎಂಬುದು ಸರ್ಕಾರದ ವಾದ. ಅದಕ್ಕೆ ಆಧಾರವಿದ್ದಿರಬಹುದು. ಆದರೆ ಹಬ್ಬದ ಅಡುಗೆಗೆ ಸಿದ್ಧವಾಗುತ್ತಿದ್ದವರಿಗೆ ಅದನ್ನು ಕೂತು ವಿವರಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

ಕೋವಿಡ್ ಕಾಲದ ಜನರ ಸಿಟ್ಟಿನ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಮಾಸ್ಕ್ ಸುಟ್ಟವರನ್ನು, ಲಸಿಕೆ ಬೇಡವೆಂದವರನ್ನು ನೆನೆಯುತ್ತೇವೆ. ಅವರ ದನಿ ಜೋರಾಗಿತ್ತು, ಸಂಖ್ಯೆ ದೊಡ್ಡದಿರಲಿಲ್ಲ. ಬ್ರಿಟನ್ನಿನಲ್ಲಿ ಆ ತಿಂಗಳುಗಳಲ್ಲಿ ನಡೆದ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ನಿರ್ಬಂಧಗಳ ಪರವಾಗಿದ್ದವರೇ ಹೆಚ್ಚು. ಹಾಗಾದರೆ ನಿಯಮ ಬೇಕು ಎಂದವರೇ ನಿಯಮದ ಮೇಲೆ ಸಿಟ್ಟಾದದ್ದು ಯಾಕೆ? ಇದಕ್ಕೆ ಉತ್ತರ ಹುಡುಕಲು ಮ್ಯಾಂಚೆಸ್ಟರ್ ಪ್ರದೇಶದ ಆ ಆರು ತಿಂಗಳು ಒಳ್ಳೆಯ ಜಾಗ.

ಮೊದಲು ಪಬ್ಬಿನ ಬಗ್ಗೆ ಎರಡು ಮಾತು. ಇಂಗ್ಲೆಂಡಿನ ಪಬ್ ಎಂದರೆ ಬರೀ ಮದ್ಯದಂಗಡಿಯಲ್ಲ. ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ ಅದು, ಅಂದರೆ ಸಾರ್ವಜನಿಕರ ಮನೆ. ನಮ್ಮ ಊರಿನ ಅರಳಿಕಟ್ಟೆ, ಕಾಫಿ ಹೋಟೆಲು, ಸಂಘದ ಆಫೀಸು ಮೂರೂ ಒಂದೇ ಸೂರಿನಡಿ ಸೇರಿದಂತೆ. ಕೆಲಸ ಮುಗಿಸಿದವರು, ಹೆಂಡತಿ ತೀರಿಕೊಂಡ ಮುದುಕರು, ಫುಟ್‌ಬಾಲ್ ತಂಡದ ಹುಡುಗರು ಅಲ್ಲಿ ಸೇರುತ್ತಾರೆ. ಒಂದು ಗ್ಲಾಸು ಬಿಯರ್ ಹಿಡಿದು ಎರಡು ಗಂಟೆ ಕೂತರೂ ಯಾರೂ ಎದ್ದು ಹೋಗೆನ್ನುವುದಿಲ್ಲ. 2020ರ ಮಾರ್ಚ್ 20ರಂದು ಪ್ರಧಾನಿ ಬೋರಿಸ್ ಜಾನ್ಸನ್ ಇವೆಲ್ಲ ಬಾಗಿಲು ಹಾಕಬೇಕೆಂದಾಗ ದೇಶ ಬೆಚ್ಚಿತು, ಆದರೆ ಒಪ್ಪಿತು. ಜುಲೈ 4ರವರೆಗೆ ಬಾಗಿಲು ಮುಚ್ಚಿಯೇ ಇತ್ತು.

ತೆರೆದ ಮೇಲೆ ಸರ್ಕಾರ ತಾನೇ ಜನರನ್ನು ಹೊರಗೆ ಕರೆಯಿತು. ಹಣಕಾಸು ಸಚಿವ ರಿಷಿ ಸುನಕ್ ಆಗಸ್ಟ್ ತಿಂಗಳಿಗೆ ಒಂದು ಯೋಜನೆ ತಂದರು. ಸೋಮವಾರದಿಂದ ಬುಧವಾರದವರೆಗೆ ಹೋಟೆಲಿನಲ್ಲಿ ಕೂತು ತಿಂದರೆ ಬಿಲ್ಲಿನ ಅರ್ಧ, ತಲೆಗೆ 10 ಪೌಂಡ್ ಮೀರದಂತೆ, ಸರ್ಕಾರ ಕಟ್ಟುತ್ತದೆ. ಆ ತಿಂಗಳಲ್ಲಿ ಈ ರಿಯಾಯಿತಿಯಲ್ಲಿ ಜನ ಉಂಡ ಊಟ 10 ಕೋಟಿಗೂ ಹೆಚ್ಚು. ಹೋಟೆಲಿನವರು ಮೇಜುಗಳ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿದರು, ನೆಲಕ್ಕೆ ಬಾಣದ ಗುರುತು ಅಂಟಿಸಿದರು, ಬಂದವರ ಹೆಸರು, ಫೋನ್ ನಂಬರ್ ಬರೆದಿಟ್ಟರು. ಹೇಳಿದ್ದನ್ನೆಲ್ಲ ಮಾಡಿದೆವು ಎಂಬ ಭಾವ ಅವರಲ್ಲಿತ್ತು.

ಸೆಪ್ಟೆಂಬರ್‌ನಲ್ಲಿ ಗಾಳಿ ತಿರುಗಿತು. ಬೋಲ್ಟನ್ ಮತ್ತು ಟ್ರಾಫರ್ಡ್‌ನಲ್ಲಿ ನಿರ್ಬಂಧ ಸೆಪ್ಟೆಂಬರ್ 2ಕ್ಕೆ ಸಡಿಲವಾಗಬೇಕಿತ್ತು. ಆಯಿತು ಕೂಡ. ಮಧ್ಯಾಹ್ನದ ಹೊತ್ತಿಗೆ ಸೋಂಕು ಏರಿದೆ ಎಂದು ಮತ್ತೆ ಬಿಗಿ ಮಾಡಿದರು. ವಾರ ಕಳೆಯುವುದರೊಳಗೆ ಬೋಲ್ಟನ್ನಿನ ಪಬ್ಬು, ಹೋಟೆಲುಗಳಿಗೆ ಪಾರ್ಸೆಲ್ ಮಾತ್ರ ಎಂಬ ಆದೇಶ ಬಂತು. ಆಗ ಬೋಲ್ಟನ್ನಿನ ಸೋಂಕಿನ ಪ್ರಮಾಣ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು, ಭಯ ಸುಳ್ಳಲ್ಲ. ಅಷ್ಟರಲ್ಲಿ ದೇಶದಲ್ಲಿ ಸತ್ತವರು 40 ಸಾವಿರಕ್ಕೂ ಹೆಚ್ಚು. ಆದರೆ ವಾರಕ್ಕೆ ಬೇಕಾದ ಬಿಯರ್ ಪೀಪಾಯಿ, ಮಾಂಸ, ತರಕಾರಿ ತರಿಸಿಟ್ಟ ಮಾಲೀಕನಿಗೆ ಬೆಳಿಗ್ಗೆ ಒಂದು ನಿಯಮ, ಮಧ್ಯಾಹ್ನ ಇನ್ನೊಂದು ನಿಯಮವೆಂದರೆ ಅದು ನೇರವಾಗಿ ನಷ್ಟದ ಲೆಕ್ಕ.

ಸೆಪ್ಟೆಂಬರ್ 14ರಿಂದ ಆರಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ. 24ರಿಂದ ಇಂಗ್ಲೆಂಡಿನಾದ್ಯಂತ ಪಬ್ಬು, ಹೋಟೆಲುಗಳು ರಾತ್ರಿ 10ಕ್ಕೆ ಬಾಗಿಲು ಹಾಕಬೇಕು. ಸರ್ಕಾರದ ವಿಜ್ಞಾನ ಸಲಹಾ ಸಮಿತಿ ಸೆಪ್ಟೆಂಬರ್ 21ರಂದೇ ‘ಸರ್ಕ್ಯೂಟ್ ಬ್ರೇಕರ್’ ಎಂದು ಕರೆದ ಅಲ್ಪಾವಧಿಯ ಪೂರ್ಣ ಬಂದ್ ಕುರಿತು ಸಲಹೆ ಕೊಟ್ಟಿತ್ತು. ಸರ್ಕಾರ ಅದನ್ನು ಬಿಟ್ಟು ಹತ್ತು ಗಂಟೆಯ ಗಡುವನ್ನು ಆರಿಸಿಕೊಂಡಿತು. ಪರಿಣಾಮ ಮೊದಲ ವಾರಾಂತ್ಯದಲ್ಲೇ ಕಂಡಿತು. ಬೇರೆ ಬೇರೆ ಹೊತ್ತಿಗೆ ಮನೆಗೆ ಹೋಗುತ್ತಿದ್ದವರೆಲ್ಲ ಒಂದೇ ಹೊತ್ತಿಗೆ ಬೀದಿಗೆ ಬಿದ್ದರು. ಬಸ್ಸು, ಟ್ಯಾಕ್ಸಿ, ಅಂಗಡಿಗಳ ಮುಂದೆ ಗುಂಪು ಸೇರಿತು.

ಅಕ್ಟೋಬರ್ 14ರಿಂದ ದೇಶವನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೂರನೇ ಹಂತವೆಂದರೆ ಅತಿ ಅಪಾಯ. ಅಲ್ಲಿ ಊಟ ಬಡಿಸದ ಪಬ್ಬುಗಳು ಪೂರ್ತಿ ಬಂದ್. ಮೊದಲು ಅದಕ್ಕೆ ಸೇರಿದ್ದು ಲಿವರ್‌ಪೂಲ್ ಪ್ರದೇಶ. ಮುಂದಿನ ಸರದಿ ಗ್ರೇಟರ್ ಮ್ಯಾಂಚೆಸ್ಟರ್‌ನದು. ಮೇಯರ್ ಆಂಡಿ ಬರ್ನ್‌ಹ್ಯಾಮ್ ಒಪ್ಪಲಿಲ್ಲ. ರೋಗವಿಲ್ಲ ಎಂದು ಅವರು ಹೇಳಲಿಲ್ಲ. ಅವರ ಪ್ರಶ್ನೆ ದುಡ್ಡಿನದು. ಮಾರ್ಚ್‌ನಲ್ಲಿ ಇಡೀ ದೇಶ ಬಂದ್ ಆದಾಗ ಕೆಲಸ ನಿಂತವರಿಗೆ ಸರ್ಕಾರ ‘ಫರ್ಲೋ’ ಎಂಬ ಯೋಜನೆಯಡಿ ಸಂಬಳದ ಶೇ. 80ರಷ್ಟು ಕೊಟ್ಟಿತ್ತು. ಈಗ ಊರು ಮಾತ್ರ ಬಂದ್ ಆದವರಿಗೆ ಶೇ. 67 ಎನ್ನುತ್ತಿತ್ತು. ಪಬ್ಬಿನಲ್ಲಿ ಗ್ಲಾಸು ತೊಳೆಯುವವರು, ಬಡಿಸುವವರು, ಟ್ಯಾಕ್ಸಿ ಓಡಿಸುವವರು ಮೊದಲೇ ಕಡಿಮೆ ದುಡಿಮೆಯವರು. ಅವರ ಸಂಬಳದಲ್ಲಿ ಮೂರನೇ ಒಂದು ಪಾಲು ಕಳೆದರೆ ಬಾಡಿಗೆ ಕಟ್ಟುವುದು ಹೇಗೆ?

ಮಾತುಕತೆ ಹತ್ತು ದಿನ ಎಳೆಯಿತು. ಕೊನೆಗೆ ಬರ್ನ್‌ಹ್ಯಾಮ್ 6.5 ಕೋಟಿ ಪೌಂಡ್ ಕೇಳಿದರು, ಸರ್ಕಾರ 6 ಕೋಟಿ ಎಂದಿತು. ವ್ಯತ್ಯಾಸ 50 ಲಕ್ಷ ಪೌಂಡ್. ಅಲ್ಲಿಗೇ ಮುರಿದುಬಿತ್ತು. ಅಕ್ಟೋಬರ್ 20ರಂದು ಬ್ರಿಜ್‌ವಾಟರ್ ಸಭಾಂಗಣದ ಹೊರಗೆ ಬರ್ನ್‌ಹ್ಯಾಮ್ ಪತ್ರಕರ್ತರ ಜೊತೆ ಮಾತಾಡುತ್ತಿದ್ದಾಗ ಪಕ್ಕದಲ್ಲಿದ್ದವರು ಒಂದು ಫೋನ್ ತೋರಿಸಿದರು. ತಮ್ಮ ಪ್ರದೇಶ ಮೂರನೇ ಹಂತಕ್ಕೆ ಹೋಗುತ್ತಿದೆ, ಸಿಗುವುದು 2.2 ಕೋಟಿ ಪೌಂಡ್ ಎಂಬುದನ್ನು ಅವರು ಕ್ಯಾಮೆರಾಗಳ ಎದುರಿಗೇ ಓದಿಕೊಂಡರು. 28 ಲಕ್ಷ ಜನಸಂಖ್ಯೆಗೆ ಹಂಚಿದರೆ ತಲೆಗೆ ಸುಮಾರು 8 ಪೌಂಡ್, ಪಬ್ಬಿನಲ್ಲಿ ಎರಡು ಗ್ಲಾಸು ಬಿಯರಿನ ಬೆಲೆ. ಆ 6 ಕೋಟಿ ಆಮೇಲೆ ಬಂತು, ಆದರೆ ಜನರ ನೆನಪಿನಲ್ಲಿ ಉಳಿದದ್ದು ಆ ಫೋನು.

ನಿಜವಾದ ಗಾಯ ಹತ್ತು ದಿನ ಬಿಟ್ಟು ಆಯಿತು. ಅಕ್ಟೋಬರ್ 31ರಂದು ಜಾನ್ಸನ್ ಇಡೀ ಇಂಗ್ಲೆಂಡಿಗೆ ಎರಡನೇ ಲಾಕ್‌ಡೌನ್ ಘೋಷಿಸಿದರು. ಜೊತೆಗೇ ಶೇ. 80ರ ಫರ್ಲೋ ಮುಂದುವರಿಯಲಿದೆ ಎಂದರು. ಉತ್ತರದವರು ಕೇಳಿದಾಗ ಇಲ್ಲದ ದುಡ್ಡು ಲಂಡನ್ ಮತ್ತು ದಕ್ಷಿಣ ಬಂದ್ ಆಗುವಾಗ ಬಂತು. ಗಣಿ, ಗಿರಣಿಗಳು ಮುಚ್ಚಿದ ಕಾಲದಿಂದಲೂ ರಾಜಧಾನಿ ತಮ್ಮನ್ನು ಲೆಕ್ಕಕ್ಕಿಡುವುದಿಲ್ಲ ಎಂಬ ಕೊರಗು ಇಂಗ್ಲೆಂಡಿನ ಉತ್ತರಕ್ಕೆ ಇದ್ದೇ ಇತ್ತು. ಆ ಶನಿವಾರ ಅದಕ್ಕೆ ಶೇ. 67 ಮತ್ತು ಶೇ. 80 ಎಂಬ ಎರಡು ಅಂಕಿ ಸಿಕ್ಕವು.

ಡಿಸೆಂಬರ್ 2ಕ್ಕೆ ಲಾಕ್‌ಡೌನ್ ಮುಗಿದು ಹಂತಗಳು ಮರಳಿದವು, ಇನ್ನಷ್ಟು ಬಿಗಿಯಾಗಿ. ಮೂರನೇ ಹಂತದಲ್ಲೇ ಉಳಿದ ಮ್ಯಾಂಚೆಸ್ಟರ್‌ನಲ್ಲಿ ಪಾರ್ಸೆಲ್ ಮಾತ್ರ. ಎರಡನೇ ಹಂತದ ಊರುಗಳಲ್ಲಿ ‘ಗಣನೀಯ ಊಟ’ದ ಜೊತೆಗಾದರೆ ಮದ್ಯ ಕೊಡಬಹುದು, ಇಲ್ಲವಾದರೆ ಇಲ್ಲ. ಮಧ್ಯಾಹ್ನದ ಅಥವಾ ರಾತ್ರಿಯ ಮುಖ್ಯ ಊಟವಾಗಿ ಬಡಿಸಬಹುದಾದಷ್ಟು ಎಂದು ಕಾನೂನು ವಿವರಿಸಿತು. ಆದರೆ ಎಷ್ಟು ತಿಂದರೆ ಊಟ? ನಮ್ಮಲ್ಲಿ ನಾಲ್ಕು ಇಡ್ಲಿ ತಿಂದವರೂ ‘ಇನ್ನೂ ಊಟ ಆಗಿಲ್ಲ’ ಎನ್ನುತ್ತಾರಲ್ಲ, ಹಾಗೆ ಅಲ್ಲೂ ವಾದ ಎದ್ದಿತು. ಕಾರ್ನಿಷ್ ಪೇಸ್ಟಿ ಎಂಬ ದೊಡ್ಡ ಕರಿಗಡುಬಿನಂಥ ತಿನಿಸು ಒಂದೇ ಆದರೆ ಊಟವಲ್ಲ, ಪಕ್ಕಕ್ಕೆ ಚಿಪ್ಸ್ ಅಥವಾ ಸಲಾಡ್ ಇಟ್ಟರೆ ಊಟ ಎಂದು ಒಬ್ಬ ಸಚಿವರು ಅಕ್ಟೋಬರ್‌ನಲ್ಲೇ ಹೇಳಿದ್ದರು. ಮೊಟ್ಟೆಗೆ ಮಾಂಸದ ಕವಚ ಹಾಕಿ ಕರಿದ ‘ಸ್ಕಾಚ್ ಎಗ್’ ಊಟವಾಗಬಹುದು ಎಂದು ಕೃಷಿ, ಪರಿಸರ ಖಾತೆಯ ಸಚಿವ ಜಾರ್ಜ್ ಯೂಸ್ಟಿಸ್ ಹೇಳಿದರು. ಮರುದಿನ ಮೈಕೆಲ್ ಗೋವ್ ತಮಗಂತೂ ಅದು ಊಟಕ್ಕೆ ಮುಂಚಿನ ತಿನಿಸು ಎಂದರು, ಅದೇ ದಿನ ಮಾತು ಬದಲಿಸಿ ಊಟವೇ ಎಂದರು.

ದೇಶ ನಕ್ಕಿತು. ಆ ನಗುವಿನಲ್ಲಿ ಸಂಕಟವೂ ಇತ್ತು. ಬೀದಿಮೂಲೆಯ ಎಷ್ಟೋ ಪಬ್ಬುಗಳಿಗೆ ಅಡುಗೆಮನೆಯೇ ಇಲ್ಲ. ಊಟ ಕೊಳ್ಳುವ ಶಕ್ತಿಯಿದ್ದವರಿಗೆ ಮದ್ಯ ಸಿಗುತ್ತದೆ, ಒಂದು ಗ್ಲಾಸಿಗಷ್ಟೇ ಕಾಸಿದ್ದ ಮುದುಕನಿಗೆ ಇಲ್ಲ. ನಿಯಮದ ಉದ್ದೇಶ ಏನೇ ಇರಲಿ, ಅದು ವರ್ಗಭೇದ ಮಾಡುತ್ತಿತ್ತು. ಹಂತಗಳ ನಿಯಮ ಡಿಸೆಂಬರ್ 1ರಂದು ಸಂಸತ್ತಿನಲ್ಲಿ 291–78 ಮತಗಳಿಂದ ಅಂಗೀಕಾರವಾದಾಗ ಆಳುವ ಪಕ್ಷದವರೇ 50ಕ್ಕೂ ಹೆಚ್ಚು ಮಂದಿ ವಿರುದ್ಧ ಮತ ಹಾಕಿದ್ದರು.

ಊಟದ ಜೊತೆಗಾದರೆ ಕುಡಿಯಬಹುದು ಎಂಬ ಈ ಉಪಾಯ ಹೊಸದಲ್ಲ. 1896ರಲ್ಲಿ ನ್ಯೂಯಾರ್ಕ್ ರಾಜ್ಯ ಭಾನುವಾರದ ಮದ್ಯಮಾರಾಟವನ್ನು ಊಟ ಕೊಡುವ ಹೋಟೆಲುಗಳಿಗೆ ಮಾತ್ರ ಬಿಟ್ಟಿತು. ಕೂಡಲೇ ಪಾನಗೃಹಗಳಲ್ಲಿ ಯಾರೂ ತಿನ್ನದ ಸ್ಯಾಂಡ್‌ವಿಚ್ಚೊಂದು ಮೇಜಿನಿಂದ ಮೇಜಿಗೆ ಓಡಾಡತೊಡಗಿತು. 1915ರ ಅಕ್ಟೋಬರ್‌ನಲ್ಲಿ, ಮೊದಲ ಮಹಾಯುದ್ಧದ ನಡುವೆ, ಲಂಡನ್ನಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಮದ್ಯ ಕೊಡಿಸುವುದನ್ನೇ ಅಪರಾಧ ಮಾಡಿದರು. ಗೆಳೆಯನ ಗ್ಲಾಸಿಗೆ ದುಡ್ಡು ಕೊಟ್ಟರೆ ದಂಡ. ಅಲ್ಲೂ ಊಟದ ಜೊತೆಗಾದರೆ ವಿನಾಯಿತಿ. ಪಬ್ಬಿನ ಬಾಗಿಲನ್ನು ಮಧ್ಯಾಹ್ನ ಮುಚ್ಚಬೇಕೆಂಬ ಆ ಯುದ್ಧಕಾಲದ ನಿಯಮ ಮಾತ್ರ ಯುದ್ಧ ಮುಗಿದ ಮೇಲೂ ಉಳಿದು ಇಂಗ್ಲೆಂಡಿನಲ್ಲಿ 1988ರವರೆಗೆ ನಡೆಯಿತು. ‘ತಾತ್ಕಾಲಿಕ’ ಎಂಬ ಸರ್ಕಾರಿ ಮಾತಿಗೆ ಪಬ್ಬಿನವರು ಹುಬ್ಬೇರಿಸಿದರೆ ಅದಕ್ಕೆ ಇತಿಹಾಸದ ಕಾರಣವಿದೆ.

ಆದರೆ ಇನ್ನೊಂದು ಇತಿಹಾಸವೂ ಅದೇ ಊರಿನಲ್ಲಿದೆ. 1918ರ ಇನ್‌ಫ್ಲುಯೆಂಜಾ ಬಂದಾಗ ಮ್ಯಾಂಚೆಸ್ಟರ್‌ನ ಆರೋಗ್ಯಾಧಿಕಾರಿ ಜೇಮ್ಸ್ ನಿವೆನ್. ಲಂಡನ್ನಿನ ಮಾರ್ಗದರ್ಶನಕ್ಕೆ ಕಾಯದೆ ಅವರು ಸಾವಿರಾರು ಕರಪತ್ರ ಅಚ್ಚುಹಾಕಿಸಿ ಹಂಚಿದರು. ರೋಗ ಹೇಗೆ ಹರಡುತ್ತದೆ, ಕಾಯಿಲೆ ಬಿದ್ದವರು ಯಾಕೆ ಮನೆಯಲ್ಲಿರಬೇಕು, ಜನಸಂದಣಿ ಯಾಕೆ ಬೇಡ ಎಂಬುದನ್ನು ತಿಳಿಸಿದರು. ನವೆಂಬರ್ 11ರಂದು ಯುದ್ಧ ನಿಂತ ಸುದ್ದಿ ಬಂದಾಗ ಅದೇ ಜನ ಆಲ್ಬರ್ಟ್ ಚೌಕದಲ್ಲಿ ಒತ್ತೊತ್ತಾಗಿ ನೆರೆದರು. ನಂತರದ ವಾರಗಳಲ್ಲಿ ಸಾವು ಏರಿತು. ಕೂಡಬೇಕೆಂಬ ಆಸೆಗೆ ಕೆಲವೊಮ್ಮೆ ಪ್ರಾಣದ ಬೆಲೆ ತೆರಬೇಕಾಗುತ್ತದೆ. 2020ರ ಸಿಟ್ಟನ್ನು ಅರ್ಥ ಮಾಡಿಕೊಳ್ಳುವಾಗ ಇದನ್ನು ಮರೆಯುವಂತಿಲ್ಲ. 2021ರ ಜನವರಿ 26ಕ್ಕೆ ಬ್ರಿಟನ್ನಿನ ಕೋವಿಡ್ ಸಾವು ಒಂದು ಲಕ್ಷ ದಾಟಿತ್ತು.

ಹಾಗಾದರೆ ಜನ ಸಹಿಸದೇ ಹೋದದ್ದು ಏನನ್ನು? ಬಾಗಿಲು ಮುಚ್ಚಿದ್ದನ್ನಲ್ಲ. ಮಾರ್ಚ್‌ನಲ್ಲಿ ಅದಕ್ಕಿಂತ ಕಠಿಣವಾದುದನ್ನು ಅವರು ಒಪ್ಪಿದ್ದರು. ಆಗ ನಿಯಮ ಎಲ್ಲರಿಗೂ ಒಂದೇ ಆಗಿತ್ತು, ಕಾರಣ ಕಣ್ಣೆದುರಿಗಿತ್ತು, ಸಂಬಳ ಬರುತ್ತಿತ್ತು. ಮುಂದಿನ ಆರು ತಿಂಗಳಲ್ಲಿ ಈ ಮೂರೂ ಒಂದೊಂದಾಗಿ ಕಳಚಿದವು. ಕೊನೆಗೆ ಉಳಿದಿದ್ದ ಒಂದು ಎಳೆಯನ್ನು ಆಳುವವರೇ ಕಿತ್ತರು. ಮ್ಯಾಂಚೆಸ್ಟರ್‌ನ ಪಬ್ಬುಗಳು ಕತ್ತಲಲ್ಲಿದ್ದ 2020ರ ಡಿಸೆಂಬರ್ 18ರ ರಾತ್ರಿ ಪ್ರಧಾನಿಯ ಕಚೇರಿ ಇರುವ ಡೌನಿಂಗ್ ಸ್ಟ್ರೀಟಿನಲ್ಲಿ ಸಿಬ್ಬಂದಿ ಕ್ರಿಸ್‌ಮಸ್ ಕೂಟ ನಡೆಸಿದ್ದರು. ಆಗ ಲಂಡನ್ ಕೂಡ ಮೂರನೇ ಹಂತದಲ್ಲಿತ್ತು. ಸುದ್ದಿ ಹೊರಬಿದ್ದದ್ದು ಒಂದು ವರ್ಷದ ಮೇಲೆ. ಪೊಲೀಸರು ತನಿಖೆ ಮಾಡಿ ಸರ್ಕಾರಿ ಕಚೇರಿಗಳಲ್ಲಿ ನಡೆದ ಇಂಥ ಕೂಟಗಳಿಗಾಗಿ ಒಟ್ಟು 126 ದಂಡ ಹಾಕಿದರು. 2020ರ ಜೂನ್‌ನ ಹುಟ್ಟುಹಬ್ಬದ ಕೂಟಕ್ಕಾಗಿ ಜಾನ್ಸನ್, ಸುನಕ್ ಇಬ್ಬರೂ ದಂಡ ತೆತ್ತರು. ತಾಯಿತಂದೆಯ ಅಂತ್ಯಸಂಸ್ಕಾರಕ್ಕೂ ಹೋಗದೆ ನಿಯಮ ಪಾಲಿಸಿದ್ದವರು ಆಗ ಪತ್ರಿಕೆಗಳಿಗೆ ಬರೆದರು, ರೇಡಿಯೋಗೆ ಫೋನ್ ಮಾಡಿ ಅತ್ತರು. ನಿಯಮ ಪಾಲಿಸಿದ್ದಕ್ಕೆ ತಾವೇ ಪೆದ್ದರಾದೆವೇ ಎಂಬ ಪ್ರಶ್ನೆ ಅವರದು.

2021ರ ಜುಲೈ 19ರಂದು ಇಂಗ್ಲೆಂಡಿನ ಬಹುತೇಕ ನಿರ್ಬಂಧಗಳು ಹೋದವು. ಪಬ್ಬುಗಳು ಮೊದಲಿನಂತೆ ತೆರೆದವು, ಕೆಲವು ತೆರೆಯಲೇ ಇಲ್ಲ. ಮುಂದೊಂದು ಸಾಂಕ್ರಾಮಿಕ ಬರುತ್ತದೆ, ಆಗಲೂ ಯಾರೋ ಬಾಗಿಲು ಮುಚ್ಚಿ ಎನ್ನಬೇಕಾಗುತ್ತದೆ. ಆ ದಿನ ಜನ ಮಾತು ಕೇಳುತ್ತಾರೋ ಇಲ್ಲವೋ ಎಂಬುದರಲ್ಲಿ 2020ರ ನೆನಪಿಗೂ ಒಂದು ಪಾಲು ಇರುತ್ತದೆ. ಹಬ್ಬದ ಹಿಂದಿನ ರಾತ್ರಿ ಬಂದ ಟ್ವೀಟ್, ಶೇ. 67ರ ಸಂಬಳ, ಊಟವೋ ಅಲ್ಲವೋ ಗೊತ್ತಾಗದ ಒಂದು ಮೊಟ್ಟೆ ಇವೆಲ್ಲ ಆ ನೆನಪಿನಲ್ಲಿವೆ.