ಮೆದುಳು, ಯಂತ್ರ ಮತ್ತು ನೀಲ್ಸ್ ಸ್ಟೆನ್ಸೆನ್

ಯಂತ್ರವು ಮನುಷ್ಯನಂತೆ ಮಾತನಾಡತೊಡಗಿರುವ ಈ ದಿನಗಳಲ್ಲಿ, ಮನುಷ್ಯನೂ ಒಂದು ಯಂತ್ರವೇ ಅಲ್ಲವೇ ಎಂಬ ಪ್ರಶ್ನೆ ಕೇಳಿಬರುತ್ತಿದೆ. ಪ್ರಶ್ನೆ ಹೊಸದೇನಲ್ಲ. ಹದಿನೇಳನೆಯ ಶತಮಾನದಲ್ಲಿಯೇ ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ದೇಹವನ್ನು ಯಂತ್ರವೆಂದು ವರ್ಣಿಸಿ, ಮೆದುಳಿನ ನಡುವಿನ ಪೀನಿಯಲ್ ಗ್ರಂಥಿಯನ್ನು ಆತ್ಮದ ಮುಖ್ಯ ನೆಲೆಯೆಂದು ಸಾರಿದ್ದರು. ಆ ಗ್ರಂಥಿಯು ಅತ್ತಿತ್ತ ವಾಲುತ್ತಾ ದೇಹವನ್ನು ನಡೆಸುತ್ತದೆಂಬುದು ಅವರ ಊಹೆ. ಪ್ರಾಣಿಗಳಾದರೋ ಅವರ ಪಾಲಿಗೆ ಬರಿಯ ಯಂತ್ರಗಳು.

1665ರಲ್ಲಿ ಪ್ಯಾರಿಸಿನ ವಿದ್ವಾಂಸರ ಕೂಟವೊಂದರಲ್ಲಿ ಡೆನ್ಮಾರ್ಕಿನ ತರುಣ ಅಂಗರಚನಾಶಾಸ್ತ್ರಜ್ಞ ನೀಲ್ಸ್ ಸ್ಟೆನ್ಸೆನ್ ಮೆದುಳನ್ನು ಕುರಿತು ಉಪನ್ಯಾಸವಿತ್ತರು. ಕೋಪನ್‌ಹೇಗನ್ನಿನ ಅಕ್ಕಸಾಲಿಗರ ಮಗ. ಆಗ 27ರ ಪ್ರಾಯ. ಮೆದುಳಿನ ವಿಷಯದಲ್ಲಿ ತಮಗೇನೂ ತಿಳಿಯದೆಂದೇ ಅವರು ಮಾತನ್ನಾರಂಭಿಸಿದರು. ಎಲ್ಲ ಬಲ್ಲೆವೆನ್ನುವವರ ನಡುವೆ ಅದು ಸಣ್ಣ ಮಾತಲ್ಲ. ಆ ಗ್ರಂಥಿಯು ಸುತ್ತಲಿನ ಭಾಗಗಳಿಗೆ ಅಂಟಿಕೊಂಡಿದೆ, ಡೆಕಾರ್ಟ್ ಹೇಳಿದಂತೆ ವಾಲಲಾರದು ಎಂದು ವಿವರಿಸಿದರು. ಆದರೂ ಯಂತ್ರದ ಹೋಲಿಕೆಯನ್ನು ಅವರು ತಳ್ಳಿಹಾಕಲಿಲ್ಲ. ಯಂತ್ರವೆಂದ ಮೇಲೆ ಒಂದೊಂದೇ ಭಾಗವನ್ನು ಬಿಚ್ಚಿ ನೋಡಬೇಕು, ಊಹೆಯಿಂದ ಚಿತ್ರ ಬರೆಯಬಾರದು ಎಂಬುದೇ ಅವರ ಆಗ್ರಹ.

ಮನಸ್ಸನ್ನು ಹೆಚ್ಚಾಗಿ ತಟ್ಟುವುದು ತಮ್ಮ ಗುರು ಥಾಮಸ್ ಬಾರ್ತೊಲಿನರಿಗೆ ಅವರು ಬರೆದ ಪತ್ರ. ಪ್ರಾಣಿಗಳನ್ನು ಜೀವಂತವಾಗಿ ಕೊಯ್ದು ಪರೀಕ್ಷಿಸುವಾಗ ಆಗುತ್ತಿದ್ದ ಸಂಕಟವನ್ನು ಅದರಲ್ಲಿ ತೋಡಿಕೊಂಡಿದ್ದಾರೆ. ಅವುಗಳಿಗೆ ಆತ್ಮವಿಲ್ಲವೆಂದು ಡೆಕಾರ್ಟರ ಅನುಯಾಯಿಗಳಿಗಿರುವ ಖಚಿತತೆ ತಮಗೂ ಇದ್ದಿದ್ದರೆ ಎಂದು ಹಂಬಲಿಸಿದ್ದಾರೆ. ಎದುರಿಗಿರುವುದು ಯಂತ್ರವೆಂದು ಒಪ್ಪಿಕೊಂಡರೆ ಕೊಯ್ಯುವ ಕೈ ಹಿಂಜರಿಯುವುದಿಲ್ಲ. ಅವರಿಗೆ ಹಾಗೆ ಒಪ್ಪಿಕೊಳ್ಳಲಾಗಲಿಲ್ಲ.

1666ರಲ್ಲಿ ಇಟಲಿಯ ಲಿವೊರ್ನೊದಲ್ಲಿ ಕಂಡ ಪರಮಪ್ರಸಾದದ ಮೆರವಣಿಗೆ ಲೂಥರನ್ ಮತದ ಈ ವಿಜ್ಞಾನಿಯನ್ನು ಗಾಢವಾಗಿ ಕಲಕಿತು. ಮರುವರ್ಷ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. 1675ರಲ್ಲಿ ಗುರುದೀಕ್ಷೆ, 1677ರಲ್ಲಿ ಧರ್ಮಾಧ್ಯಕ್ಷ ಪದವಿ. 1988ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಪುನೀತರ ಸಾಲಿಗೆ ಸೇರಿಸಿದರು.

ಡೆಕಾರ್ಟರ ಹೋಲಿಕೆ ಮಾತ್ರ ಬೆಳೆಯುತ್ತಲೇ ಬಂದಿದೆ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಎಂಬ ಅಮೆರಿಕದ ಸಂಶೋಧಕರು ನರಕೋಶದ ಕೆಲಸವನ್ನು ಗಣಿತದ ಭಾಷೆಗಿಳಿಸಿದರು. ಇಂದಿನ ಕೃತಕ ಬುದ್ಧಿಮತ್ತೆಯ ಬೇರುಗಳಲ್ಲಿ ಅದೂ ಒಂದು. 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ಟಿಪ್ಪಣಿಯು ಇದನ್ನು ಮನುಷ್ಯಬುದ್ಧಿಯ ಇನ್ನೊಂದು ರೂಪವೆಂದಲ್ಲ, ಅದರ ಸೃಷ್ಟಿಯೆಂದು ಕಾಣುತ್ತದೆ.

ಈಗ ತಲೆಗೆ ತೊಡುವ ಸಾಧನಗಳು ಮೆದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುತ್ತವೆ. ಗಣಕಗಳು ಅವುಗಳ ಅರ್ಥವನ್ನು ಅರಸುತ್ತವೆ. ಆ ದಾಖಲೆ ಯಾರ ಸೊತ್ತು? ಚಿಲಿ ದೇಶವು 2021ರಲ್ಲಿ ಸಂವಿಧಾನವನ್ನೇ ತಿದ್ದಿ ಮೆದುಳಿನ ಚಟುವಟಿಕೆಗೂ ಅದರಿಂದ ಪಡೆದ ಮಾಹಿತಿಗೂ ರಕ್ಷಣೆ ನೀಡಿತು. ಕಂಪನಿಯೊಂದು ಹೀಗೆ ಸಂಗ್ರಹಿಸಿಟ್ಟಿದ್ದ ಪ್ರಜೆಯೊಬ್ಬರ ಮಾಹಿತಿಯನ್ನು ಅಳಿಸಿಹಾಕುವಂತೆ 2023ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು.