'ಅನಲಾಗ್/ವರ್ಚುವಲ್': ಅಂಕಗಳ ನಗರದ ಕಥೆ
ಬೆಂಗಳೂರಿನ ಲೇಖಕಿ ಲಾವಣ್ಯ ಲಕ್ಷ್ಮೀನಾರಾಯಣ್ ಅವರ ಚೊಚ್ಚಲ ಇಂಗ್ಲಿಷ್ ಕಾದಂಬರಿ 'ಅನಲಾಗ್/ವರ್ಚುವಲ್'. 2020ರಲ್ಲಿ ಪ್ರಕಟವಾದ ಈ ಕೃತಿ 2023ರಲ್ಲಿ 'ದ ಟೆನ್ ಪರ್ಸೆಂಟ್ ಥೀಫ್' ಎಂಬ ಹೆಸರಿನಿಂದ ವಿದೇಶಗಳಲ್ಲೂ ಹೊರಬಂದಿತು. ಒಂದಕ್ಕೊಂದು ಹೆಣೆದುಕೊಂಡ ಕಥೆಗಳೇ ಇಲ್ಲಿ ಕಾದಂಬರಿಯಾಗಿವೆ.

ಕಥೆ ನಡೆಯುವುದು 'ಏಪೆಕ್ಸ್ ಸಿಟಿ'ಯಲ್ಲಿ; ಹಿಂದೆ ಅದೇ ಬೆಂಗಳೂರು. ಐ.ಟಿ. ಕಚೇರಿಗಳು ನೌಕರರ ಸಾಧನೆ ಅಳೆಯಲು ಬಳಸಿದ 'ಬೆಲ್ ಕರ್ವ್' ಅಲ್ಲಿ ಇಡೀ ಊರನ್ನೇ ವಿಂಗಡಿಸುತ್ತದೆ. ದುಡಿಮೆಗಷ್ಟೇ ಅಲ್ಲ, ನಡೆನುಡಿ, ಅಭಿಪ್ರಾಯಗಳಿಗೂ ಅಂಕವುಂಟು. ಮೇಲಿನ ಶೇ. 20 ಮಂದಿಗೆ ಸಕಲ ಸೌಲಭ್ಯ, ಕೊನೆಯ ಶೇ. 10ಕ್ಕೆ ಕುಸಿದವರಿಗೆ ಗಡಿಪಾರಿನ ಭಯ. ಗಡಿಯಾಚೆಯ 'ಅನಲಾಗ್' ಜನರಿಗೆ ವಿದ್ಯುತ್ತಿಲ್ಲ, ನಲ್ಲಿ ನೀರಿಲ್ಲ. ಒಂದು ಕಳ್ಳತನ ಈ ವ್ಯವಸ್ಥೆಯನ್ನು ಅಲುಗಿಸತೊಡಗುತ್ತದೆ.

2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಕೃತಿಗೆ ಸ್ಥಾನ ದೊರೆಯಿತು. ಮನುಷ್ಯನ ಬೆಲೆಯನ್ನು ಲೆಕ್ಕಾಚಾರಕ್ಕೆ ಒಪ್ಪಿಸಿದ ಮೇಲೆ ಆ ಲೆಕ್ಕವನ್ನು ಪ್ರಶ್ನಿಸುವವರು ಯಾರು ಎಂಬುದೇ ಇದರ ತಿರುಳು.